ಮೂರನೇ ಗೇರಿನಲ್ಲಿ ಗಿಂಡಿಯಿಂದ ತಾಂಬರಂಗೆ

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಬೆಳಿಗ್ಗೆ ಏಳು ಗಂಟೆಯೂ ಆಗಿರಲಿಲ್ಲ, ಅಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇ ತಿಂಗಳಲ್ಲಿ ಮೈಸೂರು ಬಿಟ್ಟು ಈ ಊರಿಗೆ ಬರುವವರು ಒಂದೋ ಮದುವೆಗೆ ಬರಬೇಕು, ಇಲ್ಲವೇ ಸಾವಿಗೆ. ನಾನು ಬಂದದ್ದು ಒಂದು ಹಳೆಯ ಮಿನಿವ್ಯಾನಿನ ಗೇರ್‌ಬಾಕ್ಸಿಗೆ ಏನಾಗಿದೆ ಎಂದು ನೋಡಲು. ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು ನನ್ನ ಚೀಲ ತೆರೆಸಿ, ಒಳಗಿದ್ದ ಮೀಟರು, ಕೆಂಪು ಕಪ್ಪು ತಂತಿಗಳು, ಟೆಸ್ಟ್ ಲ್ಯಾಂಪು ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದ. ಮೂವತ್ತನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲೇ ದುಡಿದವನು ನಾನು ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಅವನು ಇನ್ನೊಮ್ಮೆ ಮೊದಲಿನಿಂದ ನೋಡಿದ.

ಸಬ್‌ವೇ ದಾಟಿ ಪಾರ್ಕ್ ಸ್ಟೇಷನ್ನಿಗೆ ಹೋಗಿ, ಹತ್ತು ರೂಪಾಯಿ ಟಿಕೆಟ್ ತೆಗೆದುಕೊಂಡು ತಾಂಬರಂ ಕಡೆಯ ಲೋಕಲ್ ಹತ್ತಿದೆ. ಮುಕ್ಕಾಲು ಗಂಟೆಗೂ ಮಿಕ್ಕಿದ ಪ್ರಯಾಣ. ಗಿಂಡಿಯ ತನಕ ನಿಂತೇ ಇದ್ದೆ, ಅಲ್ಲಿ ಕಾಲೇಜಿನ ಹುಡುಗರು ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ತಾಂಬರಂ ನಿಲ್ದಾಣದಿಂದ ಅಕ್ಕನ ಮನೆ ಒಂದೂವರೆ ಕಿಲೋಮೀಟರು. ಆಟೋದವನು ನೂರೈವತ್ತು ಕೇಳಿದ, ನಾನು ಎಂಬತ್ತು ಎಂದೆ. ಅವನು ನನ್ನನ್ನು ನೋಡದೆ ಪಕ್ಕದ ಆಟೋದವನನ್ನು ನೋಡಿ ನಕ್ಕ. ನಡೆದುಕೊಂಡೇ ಹೋದೆ, ದಾರಿಯುದ್ದಕ್ಕೂ ಬೈದುಕೊಳ್ಳುತ್ತ.

ಅಕ್ಕ ವನಜಾಕ್ಷಿಗೆ ಈಗ ಅರವತ್ತನಾಲ್ಕು. ಮೂರು ವರ್ಷದವಳಿದ್ದಾಗ ಪೋಲಿಯೋ ಆಗಿ ಎಡಗಾಲಿನ ಶಕ್ತಿ ಹೋಯಿತು. ಮದುವೆಯಾಗಿ ಮದರಾಸಿಗೆ ಬಂದಳು, ಭಾವ ರಾಮನಾಥ ಬ್ಯಾಂಕಿನಲ್ಲಿದ್ದರು. ಹದಿನೆಂಟು ವರ್ಷದ ಹಿಂದೆ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಜಪಾನೀ ಅಧಿಕಾರಿ ತನ್ನ ಮಿನಿವ್ಯಾನು ಮಾರುವುದಿದೆಯೆಂದು ತಿಳಿದು ಅಕ್ಕ ಹಟ ಹಿಡಿದು ಅದನ್ನು ಕೊಂಡಳು. ಆಟೊಮ್ಯಾಟಿಕ್ ಗೇರು, ಕ್ಲಚ್ಚಿಲ್ಲ, ಬಲಗಾಲೊಂದೇ ಸಾಕು. ಲೈಸೆನ್ಸ್ ಮಾಡಿಸಿದಳು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ, ಡಬ್ಬಗಳನ್ನು ತುಂಬಿಕೊಂಡು ವಾರಕ್ಕೆರಡು ಸಲ ಟಿ. ನಗರದವರೆಗೆ ಕನ್ನಡದವರ ಹೋಟೆಲುಗಳಿಗೂ ಮನೆಗಳಿಗೂ ತಾನೇ ಕೊಟ್ಟು ಬರುತ್ತಾಳೆ. ಭಾವನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ.

ಈಗ ಒಂದೂವರೆ ವರ್ಷದಿಂದ ವ್ಯಾನು ಕೈಕೊಡುತ್ತಿತ್ತು. ಹೋಗುತ್ತ ಹೋಗುತ್ತ ಒಮ್ಮೆ ಜಗ್ಗಿ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಮಿಣುಕಿ, ಮೂರನೇ ಗೇರಿನಲ್ಲಿ ನಿಂತುಬಿಡುತ್ತಿತ್ತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಹೋದ ತಿಂಗಳು ಭಾವನೂ ಜೊತೆಗಿದ್ದಾಗ ಕತ್ತಿಪಾರದ ಮೇಲ್ಸೇತುವೆಯ ಏರಿನಲ್ಲೇ ಹಾಗಾಗಿ, ಹಿಂದೆ ಲಾರಿಗಳು ಬೊಬ್ಬೆ ಹೊಡೆಯುತ್ತ, ಅಕ್ಕ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದಳಂತೆ. ಭಾವ ಅಂದೇ ನಿರ್ಧಾರ ಮಾಡಿದರು. ಸೋಮವಾರ ಬೆಳಿಗ್ಗೆ ಗುಜರಿಯವನು ಬರುತ್ತಾನೆ, ವ್ಯಾನು ಹೋಗುತ್ತದೆ. ಬೇರೆ ವಾಹನ ಬರುವುದಿಲ್ಲ. ಈ ವಯಸ್ಸಿನಲ್ಲಿ ಇನ್ನು ಸಾಕು, ಬೇಕಾದರೆ ಟ್ಯಾಕ್ಸಿ ಕರೆಯಲಿ ಎಂದು ಭಾವನೂ ದೂರದ ಊರಿನಲ್ಲಿರುವ ಅವರ ಮಗನೂ ಫೋನಿನಲ್ಲೇ ತೀರ್ಮಾನಿಸಿದ್ದರು. ಅಕ್ಕ ನನಗೆ ಫೋನು ಮಾಡಿ ಒಂದೇ ಮಾತು ಹೇಳಿದ್ದಳು, "ಶುಕ್ರವಾರದೊಳಗೆ ಬಾ." ಶುಕ್ರವಾರವೇ ಬಂದಿದ್ದೆ. ನನಗಿದ್ದದ್ದು ಮೂರು ದಿನ.

ಇಡ್ಲಿ, ಕಾಫಿ ಆಯಿತು. ಅಂಗಳಕ್ಕೆ ಹೋದರೆ ಭಾವ ಆಗಲೇ ಸ್ನಾನ ಮಾಡಿ ವಿಭೂತಿ ಹಚ್ಚಿ ವ್ಯಾನಿನ ಬಾನೆಟ್ ಎತ್ತಿ ನಿಂತಿದ್ದರು. ನನಗೆ ಸಹಾಯ ಮಾಡಲಿಕ್ಕಿರಬೇಕು ಎಂದುಕೊಂಡೆ. ಅಲ್ಲ. ಕಬ್ಬಿಣದ ತಂತಿಯಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ದೃಷ್ಟಿಯ ಸರವನ್ನು ಬ್ಯಾಟರಿಯ ಕೆಳಗಿನ ಒಂದು ಬೋಲ್ಟಿಗೆ ಸಿಕ್ಕಿಸುತ್ತಿದ್ದರು.

"ಎಲ್ರೂ ಮುಂದ್ಗಡೆ ಕಟ್ತಾರಲ್ಲ ಭಾವ, ಇದೇನು ಒಳಗೆ?" ಎಂದೆ.

"ಹೊರಗೆ ಕಟ್ಟಿದ್ರೆ ಹಸು ತಿಂದ್ಬಿಡತ್ತೆ ನಾಗೇಂದ್ರ. ಎರಡು ಸಲ ತಿಂತು. ಆಮೇಲಿಂದ ಒಳಗೇ. ಪ್ರತಿ ಶುಕ್ರವಾರ ತಪ್ಪಿಸಿಲ್ಲ," ಎಂದರು. ತಂತಿಯನ್ನು ಎರಡು ಬೆರಳಿನಿಂದ ಸರಿಮಾಡಿ ಕೈಮುಗಿದು ಬದಿಗೆ ಸರಿದರು. ಬದಿಗೆ ಎಂದರೆ ಒಂದಡಿ. ಇಡೀ ದಿನ ಆ ಒಂದಡಿಯಿಂದ ಅವರು ಕದಲಲಿಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಎಣ್ಣೆಯ ದಾರಿ ತೆರೆದು ಮುಚ್ಚುವ ಪುಟ್ಟ ವಿದ್ಯುತ್ ಕವಾಟಗಳಿರುತ್ತವೆ. ಯಾವಾಗ ಯಾವುದು ತೆರೆಯಬೇಕೆಂದು ಹೇಳಲು ಒಂದು ಸಣ್ಣ ಕಂಪ್ಯೂಟರು. ಎಲ್ಲೋ ಕರೆಂಟು ಸರಿಯಿಲ್ಲ ಎಂದು ಅದಕ್ಕೆ ಅನುಮಾನ ಬಂದರೆ, ಇನ್ನು ನನ್ನಿಂದಾಗದು ಎಂದು ಮೂರನೇ ಗೇರಿನಲ್ಲಿ ಕೈಕಟ್ಟಿ ಕೂತು ದೀಪ ಮಿಣುಕಿಸುತ್ತದೆ. ಇಂಥ ಹಳೇ ಗಾಡಿಗಳಲ್ಲಿ ಆ ದೀಪವೇ ದೂರು ಹೇಳುತ್ತದೆ, ಎಣಿಸುವ ತಾಳ್ಮೆ ಬೇಕಷ್ಟೆ. ಪರೀಕ್ಷೆಗೆಂದೇ ಇಟ್ಟಿರುವ ಪ್ಲಗ್ಗಿನ ಎರಡು ತೂತುಗಳನ್ನು ತಂತಿಯಿಂದ ಸೇರಿಸಿ, ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿದೆ. ಆರು, ನಿಲುಗಡೆ, ಎರಡು. ಅಂದರೆ ದೋಷ ಮೊದಲನೆಯ ಕವಾಟದ ಸರ್ಕ್ಯೂಟಿನಲ್ಲಿ. ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ಕವಾಟ ಅಳೆದರೆ ಹದಿಮೂರು ಓಮ್, ಇರಬೇಕಾದಷ್ಟೇ. ತಂತಿಗಳಲ್ಲಿ ಎಲ್ಲೂ ತುಂಡಿಲ್ಲ. ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಕೆಂಪು ತಂತಿಯಿಂದ ಕಂಪ್ಯೂಟರಿಗೆ ಹೋಗುವ ಕರೆಂಟನ್ನೆಲ್ಲ ನೋಡಿದೆ. ಹನ್ನೆರಡೂವರೆ ವೋಲ್ಟು, ಎಲ್ಲ ಸರಿ. ಸಂಜೆಯವರೆಗೂ ಎಲ್ಲ ಸರಿಯೇ. ಎಲ್ಲ ಸರಿಯಿರುವ ಯಂತ್ರದಷ್ಟು ತಲೆ ಕೆಡಿಸುವುದು ಬೇರೆ ಇಲ್ಲ.

ಅದಕ್ಕಿಂತ ಹೆಚ್ಚು ತಲೆ ಕೆಡಿಸಿದವರು ಭಾವ. ಏನಾಗುತ್ತದೆ ಎಂದು ನಾನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಟ್ಟರು. ಎಲ್ಲಿ ನಿಂತಿತು, ಹೇಗೆ ಜಗ್ಗಿತು, ಯಾವ ಮೆಕ್ಯಾನಿಕ್ ಏನು ಬದಲಾಯಿಸಿದ ಎಂದು ಒಂದು ಫೈಲನ್ನೇ ತಂದಿಟ್ಟರು. ಐದು ಮೆಕ್ಯಾನಿಕರು ಸೇರಿ ಬ್ಯಾಟರಿ, ಎಣ್ಣೆ, ಕವಾಟ, ಒಂದು ಸೆನ್ಸರು ಬದಲಾಯಿಸಿದ್ದರು. ಅಳೆದವರು ಒಬ್ಬರೂ ಇಲ್ಲ. ಅಕ್ಕ ಒಳಗೆ ಮೆಣಸಿನಕಾಯಿ ಹುರಿಯುತ್ತಿದ್ದಳು, ಅಂಗಳದಲ್ಲಿ ನಾವಿಬ್ಬರೂ ಕೆಮ್ಮುತ್ತಿದ್ದೆವು.

ಶನಿವಾರ ಗಿಂಡಿಗೆ ಹೊರಟೆವು. ಕೈಗಾರಿಕಾ ವಸಾಹತಿನಲ್ಲಿ ಸೆಲ್ವಂ ಎಂಬ ಮೆಕ್ಯಾನಿಕ್ ಇದ್ದಾನೆ, ಆಟೊಮ್ಯಾಟಿಕ್ ಗೇರಿನ ವಿಷಯದಲ್ಲಿ ಅವನದೇ ಕೊನೆಯ ಮಾತು ಎಂದು ಯಾರೋ ಭಾವನಿಗೆ ಹೇಳಿದ್ದರು. ಹದಿನೈದು ಕಿಲೋಮೀಟರು. ಅಕ್ಕ ಓಡಿಸಿದಳು, ದಾರಿ ತೋರಿಸಲೆಂದು ಭಾವ ಮುಂದೆ ಕೂತರು, ಹದಿನೆಂಟು ವರ್ಷದಿಂದ ಅವಳು ಓಡಾಡುತ್ತಿರುವ ದಾರಿಯನ್ನು. ನಾನು ಹಿಂದೆ, ಡಬ್ಬಗಳ ಜೊತೆ. ಬೆಳಗಿನ ತಂಪಿನಲ್ಲಿ ಕಿಟಕಿ ತೆರೆದುಕೊಂಡು ಪಲ್ಲಾವರಂ ದಾಟಿದೆವು, ಕತ್ತಿಪಾರ ಏರಿ ಇಳಿದೆವು. ವ್ಯಾನು ಹೊಸ ಮದುಮಗನ ಹಾಗೆ ನಡೆದುಕೊಂಡಿತು. ಒಂದು, ಎರಡು, ಮೂರು, ನಾಲ್ಕು, ಗೇರು ಬದಲಾದದ್ದೇ ತಿಳಿಯಲಿಲ್ಲ. ನನಗೆ ಅಳುವುದೊಂದೇ ಬಾಕಿ. ಹಾಳಾದರೆ ತಾನೇ ಕಂಡುಹಿಡಿಯುವುದು?

ಸೆಲ್ವಂ ವಯಸ್ಸಾದವನು, ಬೆರಳಿನ ಸಂದುಗಳೆಲ್ಲ ಕಪ್ಪು. ಬಾನೆಟ್ ಎತ್ತಿದ. ನಿಂಬೆಹಣ್ಣು ಕಂಡದ್ದೇ ಕೈ ಹಿಂದಕ್ಕೆ ತೆಗೆದು, ಅದಕ್ಕೆ ತಗಲದಂತೆ ಮೊಣಕೈಯನ್ನು ವಾರೆ ಮಾಡಿ ಒಳಗೆ ಹಾಕಿದ. ಎಣ್ಣೆಯ ಕಡ್ಡಿ ತೆಗೆದು ಮೂಸಿ ನೋಡಿದ. ವ್ಯಾನನ್ನು ಓಡಿಸುವವಳು ಅಕ್ಕ ಎಂದು ಗೊತ್ತಿದ್ದರೂ, ಭಾವನ ಕಡೆ ತಿರುಗಿ ಹೇಳಿದ, "ಸಾರ್, ಗೇರ್‌ಬಾಕ್ಸ್ ಪೋಚ್ಚು. ಪೂರಾ ಮಾತ್ತಣುಂ."

ಹೋಯಿತು, ಪೂರ್ತಿ ಬದಲಾಯಿಸಬೇಕು. ಹದಿನೈದು ಕಿಲೋಮೀಟರು ಈಗ ತಾನೇ ಸರಿಯಾಗಿ ಓಡಿಬಂದ ಗೇರ್‌ಬಾಕ್ಸು! ಯಾವ ಲೆಕ್ಕದಲ್ಲಿ ಹೇಳುತ್ತೀಯ, ಏನು ಅಳೆದೆ ಎಂದು ನಾನು ಕೇಳಿದೆ, ಸ್ವಲ್ಪ ಜೋರಾಗಿಯೇ. ಅವನು ನನ್ನ ಮೀಟರಿನ ಕಡೆ ನೋಡಿ, "ಅಣ್ಣಾ, ಇದು ರೇಡಿಯೋ ಇಲ್ಲೆ," ಎಂದ, ಇದು ರೇಡಿಯೋ ಅಲ್ಲ ಎಂದು. ಭಾವ ನಕ್ಕರು. ಅಕ್ಕ ಒಂದು ಟೈರಿನ ಮೇಲೆ ಕೂತು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿಟ್ಟುಕೊಂಡಳು.

ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗಿದೆವು. ಬಿಸಿಲಿಗೆ ರಸ್ತೆಯೇ ಕರಗುತ್ತಿತ್ತು. ಭಾವ ಕರವಸ್ತ್ರದಿಂದ ಕುತ್ತಿಗೆ ಒರೆಸುತ್ತ ಕಿಟಕಿ ಏರಿಸಿ ಎಸಿಯನ್ನು ಪೂರ್ತಿ ತಿರುಗಿಸಿದರು. ಕತ್ತಿಪಾರದ ಏರು ಶುರುವಾಯಿತು, ವ್ಯಾನು ಒಮ್ಮೆ ಒದ್ದಿತು, ದೀಪ ಮಿಣುಕಿತು. ಮೂರನೇ ಗೇರು. "ನೋಡಿದ್ಯಾ, ನೋಡಿದ್ಯಾ!" ಎಂದು ಭಾವ ಕೂಗಿದರು. "ಬದೀಗೆ ತೊಗೋ, ಬದೀಗೆ ತೊಗೋ!" ಹಿಂದಿನ ಬಸ್ಸಿನವನು ಹಾರನ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ. ನಾನು ಹಿಂದಿನಿಂದ ಮುಂದಕ್ಕೆ ಬಗ್ಗಿ ದೀಪ ಎಣಿಸುತ್ತಿದ್ದೆ, ಡಬ್ಬವೊಂದು ಉರುಳಿ ನನ್ನ ಹೆಗಲ ಮೇಲೆಲ್ಲ ಹುಳಿಪುಡಿ. ಅಕ್ಕ ಸ್ಟಿಯರಿಂಗ್ ಹಿಡಿದುಕೊಂಡು, ವ್ಯಾನು ತಿಣುಕಿದಾಗ ಆಕ್ಸಿಲರೇಟರ್ ಬಿಟ್ಟು ಒತ್ತಿ, ಮೂರನೇ ಗೇರಿನಲ್ಲೇ ತಾಂಬರಂವರೆಗೂ ತಂದಳು. ಮನೆಗೆ ಬಂದ ಮೇಲೆ ಭಾವ ಒಂದು ಚೊಂಬು ನೀರನ್ನು ನಿಂತಲ್ಲೇ ಕುಡಿದರು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅದು ಅವಳಿಗಾಗಿ ಆದ ಹೆದರಿಕೆ ಎಂಬುದೂ ನನಗೆ ಕಂಡಿತು, ಆದರೂ ಸಿಟ್ಟೇನೂ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಭಾವ ದೇವಸ್ಥಾನಕ್ಕೆ ಹೋದರು. ಎರಡು ದಿನದಲ್ಲಿ ಮೊದಲ ಬಾರಿಗೆ ಅಂಗಳದಲ್ಲಿ ಜಾಗ ಸಿಕ್ಕಿತು. ಅಕ್ಕ ಕಾಫಿ ತಂದು ಮೆಟ್ಟಿಲ ಮೇಲೆ ಕೂತಳು. ನನಗೆ ಸೋಲೊಪ್ಪುವುದಷ್ಟೇ ಉಳಿದಿತ್ತು. "ಏನೂ ಸಿಗ್ತಾ ಇಲ್ಲ ಅಕ್ಕ," ಎಂದೆ. ಆಮೇಲೆ, ಬೇರೆ ಮಾತಿಲ್ಲದ್ದಕ್ಕೆ, "ನಿಂಗೇನನ್ಸತ್ತೆ?" ಎಂದು ಕೇಳಿದೆ.

"ವಂಡಿ ಸುಮ್ನೆ ನಿಂತಿರುವಾಗ ಸಿಗಲ್ಲ ಕಣೋ," ಎಂದಳು ಅಕ್ಕ. ಗಾಡಿಗೆ ಅವಳು ವಂಡಿ ಎನ್ನುವುದು, ಇಲ್ಲಿನ ಅಭ್ಯಾಸ. "ಎಸಿ ಎರಡನೇ ಚುಕ್ಕೀಲಿದ್ರೆ ಏನೂ ಆಗಲ್ಲ. ಪೂರ್ತಿ ಇಟ್ರೆ ಒಂದ್ಸಲ ಒದೆಯುತ್ತೆ. ಪೂರ್ತಿ ಎಸೀನೂ ಹೆಡ್‌ಲೈಟೂ ಒಟ್ಟಿಗಿದ್ರೆ ನಿಂತೇಹೋಯ್ತು. ಮಳೇಲಿ ವೈಪರ್ ಹಾಕಿದ್ರಂತೂ ಗೇಟ್ ದಾಟೋ ಮೊದ್ಲೇ ದೀಪ ಬರುತ್ತೆ. ಎಲ್ಲಾ ಆಫ್ ಮಾಡಿ, ವಂಡಿ ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ. ನಾನು ಒಬ್ಳೇ ಹೋಗುವಾಗ ಎಸಿ ಹಾಕೋದೇ ಇಲ್ಲ. ಇವ್ರು ಕೂತಾಗ್ಲೇ ಬರೋದು."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಇದಕ್ಕಿಂತ ಅಚ್ಚುಕಟ್ಟಾದ ವರದಿಯನ್ನು ನನಗೆ ಯಾವ ಇಂಜಿನಿಯರೂ ಕೊಟ್ಟಿರಲಿಲ್ಲ. ಕರೆಂಟು ಹೆಚ್ಚು ಎಳೆದಾಗ ಮಾತ್ರ ಬರುವ ದೋಷ. ಅರ್ತ್, ಅಂದರೆ ಕರೆಂಟು ಹಿಂತಿರುಗುವ ದಾರಿ, ಎಲ್ಲೋ ಕಟ್ಟಿಕೊಂಡಿದೆ. ಸಿಗ್ನಲ್ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತದ್ದು.

"ಇದನ್ನ ಯಾಕೆ ಹೇಳ್ಲಿಲ್ಲ? ಒಂದೂವರೆ ವರ್ಷ! ನಾನು ಎರಡು ದಿನದಿಂದ ನೆಲದ ಮೇಲೆ ಬಿದ್ದಿದೀನಿ!" ಎಂದು ರೇಗಿದೆ.

"ಶುರೂನಲ್ಲಿ ಹೇಳಕ್ಕೆ ಹೋದೆ. ನಡುವೆ ಮಾತಾಡ್ಬೇಡ ಅಂದ್ರು. ಆಮೇಲೆ ಯಾರು ಕೇಳಿದ್ರು?" ಎಂದಳು, ಸಿಟ್ಟಿಲ್ಲದೆ. "ಐದು ಜನ ಮೆಕ್ಯಾನಿಕ್ ಬಂದ್ರು, ಇವ್ರನ್ನ ಕೇಳಿದ್ರು. ನೀನೂ ಬಂದೆ, ಇವ್ರನ್ನೇ ಕೇಳ್ದೆ. ನನ್ ಕಾಲಿಗೂ ಹಂಗೇ ತಾನೆ? ಹತ್ತು ವರ್ಷ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಎಲ್ಲಿ ನೋವು ಅಂತ ಅಪ್ಪನ್ನ ಕೇಳೋರು. ಅಪ್ಪ ಮಂಡಿ ಅನ್ನೋರು. ನಂಗೆ ನೋವಿದ್ದಿದ್ದು ಸೊಂಟದಲ್ಲಿ."

ಆ ಆಸ್ಪತ್ರೆಗಳಿಗೆ ಎಷ್ಟೋ ಸಲ ನಾನೂ ಜೊತೆಯಲ್ಲಿ ಹೋಗಿದ್ದೆ. ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದೆ. ಸೊಂಟದ ಮಾತನ್ನು ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲು ಕೇಳಿದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಎದ್ದು ಬಾನೆಟ್ ಎತ್ತಿದೆ.

ಅಕ್ಕನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ಇಂಜಿನ್ ಚಾಲೂ ಮಾಡಿಸಿ, ಎಸಿ, ಹೆಡ್‌ಲೈಟು, ವೈಪರು ಎಲ್ಲ ಹಾಕಿಸಿದೆ. ದೀಪ ಮಿಣುಕಿತು. ಈಗ ಅಳೆಯಬೇಕಾದದ್ದು ಬ್ಯಾಟರಿಯ ನೆಗೆಟಿವ್‌ಗೂ ಅರ್ತಿನ ಬೋಲ್ಟಿಗೂ ನಡುವೆ. ಗೇರಿನ ಕಂಪ್ಯೂಟರಿನ ಅರ್ತು, ಹೆಡ್‌ಲೈಟಿನದು, ಫ್ಯಾನಿನದು, ಎಲ್ಲ ಬಂದು ಸೇರುವುದು ಒಂದೇ ಬೋಲ್ಟಿಗೆ. ಆ ಬೋಲ್ಟಿಗೇ ಭಾವನ ನಿಂಬೆಹಣ್ಣು ನೇತಾಡುತ್ತಿತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಶುಕ್ರವಾರದಿಂದ ಆ ಬೋಲ್ಟು ನನ್ನ ಕಣ್ಣಮುಂದೆಯೇ ಇತ್ತು. ಅಳೆಯುವವನು ಮೊದಲು ಕಪ್ಪು ತಂತಿ ಕಚ್ಚಿಸಬೇಕಾದದ್ದೇ ಅಲ್ಲಿಗೆ. ನಾನು ಬ್ಯಾಟರಿಗೆ ಕಚ್ಚಿಸಿದೆ. ಏಕೆಂದರೆ ಇನ್ನೊಬ್ಬರ ದೃಷ್ಟಿ ತೆಗೆಯಲು ಕಟ್ಟಿದ್ದನ್ನು ಮುಟ್ಟಿದರೆ ಅದು ನಮಗೆ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಇಂಥದ್ದಕ್ಕೆಲ್ಲ ನಗುವವನು ನಾನು. ಆದರೆ ಕೈ ನಕ್ಕಿರಲಿಲ್ಲ, ತನ್ನಷ್ಟಕ್ಕೆ ತಾನೇ ಆ ಕಡೆ ಹೋಗದೆ ಉಳಿದಿತ್ತು. ಸೆಲ್ವಂನ ಮೊಣಕೈ ವಾರೆಯಾದದ್ದು ನೆನಪಾಯಿತು. ಅವನಿಗಿಂತ ಮೊದಲಿನ ಐವರದ್ದೂ ಹಾಗೇ ಆಗಿರಬೇಕು. ಈಗಲೂ ಮೀಟರಿನ ತುದಿ ಹಿಡಿದು, ಸರವನ್ನು ಹೇಗೆ ಸರಿಸುವುದೆಂದು ಒಂದು ಕಡ್ಡಿ ಹುಡುಕುತ್ತಿದ್ದೆ.

ಅಕ್ಕ ಇಳಿದು ಬಂದಳು. ಒಂದು ಕೈಯಿಂದ ವ್ಯಾನು ಹಿಡಿದುಕೊಂಡು, ಇನ್ನೊಂದು ಕೈ ಹಾಕಿ ಸರವನ್ನು ಕಿತ್ತು ತೆಗೆದಳು. "ನಂಗೋಸ್ಕರ ಕಟ್ಟಿದ್ದು ತಾನೆ? ನಂಗೇನ್ ಮಾಡುತ್ತೆ?" ಎಂದಳು.

ಅದರ ಕೆಳಗಿದ್ದ ಬೋಲ್ಟು ಬೋಲ್ಟಾಗಿ ಉಳಿದಿರಲಿಲ್ಲ. ಬಿಳಿಯೂ ಹಸಿರೂ ಆದ ಗಟ್ಟಿ ಹೊಪ್ಪಳೆ. ವಾರವಾರವೂ ಹೊಸ ಹಣ್ಣಿಗೆ ತಂತಿ ಚುಚ್ಚಿದ್ದು, ಇಂಜಿನ್ನಿನ ಕಾವಿಗೆ ರಸ ಇಳಿದಿದ್ದು, ಅರ್ತಿನ ತಂತಿಗಳ ತುದಿಯನ್ನೆಲ್ಲ ಹುಳಿ ತಿಂದುಹಾಕಿತ್ತು. ಮೀಟರು ಇಟ್ಟೆ. ಸೊನ್ನೆ ಇರಬೇಕಾದಲ್ಲಿ ಎರಡು ವೋಲ್ಟಿಗೂ ಮೇಲೆ. ಅಂಥ ಅರ್ತಿನ ಮೇಲೆ ಕೂತ ಕಂಪ್ಯೂಟರಿಗೆ ಯಾರನ್ನು ನಂಬಬೇಕೆಂದು ತಿಳಿಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕೂಗಾಡಬೇಕೆನಿಸಿತು, ಯಾರ ಮೇಲೆ ಎಂದು ಹೊಳೆಯಲಿಲ್ಲ. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ತಂತಿಗಳ ತುದಿ ಕತ್ತರಿಸಿ, ಬೋಲ್ಟಿಗೆ ಕೂರುವ ಹೊಸ ಲೋಹದ ಬಳೆ ಹಾಕಿ, ಬಿಗಿದು, ಮೇಲೆ ಗ್ರೀಸು ಸವರಿದೆ. ಮುಕ್ಕಾಲು ಗಂಟೆಯ ಕೆಲಸ.

ಭಾವ ಪ್ರಸಾದ ಹಿಡಿದುಕೊಂಡು ಬಂದರು. ಮೆಟ್ಟಿಲ ಮೇಲಿದ್ದ ಸರ, ಪಕ್ಕದಲ್ಲಿ ಕೊಳೆತ ತಂತಿಯ ತುಂಡುಗಳನ್ನು ನೋಡಿದರು. ಎರಡು ದಿನದ ಸಿಟ್ಟನ್ನೆಲ್ಲ ಸೇರಿಸಿ ಹೇಳಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಹೇಳಿದೆ ಕೂಡ, ಅರ್ಧದಷ್ಟು. ಅವರು ಕೂತುಬಿಟ್ಟರು.

"ಹಾಗಾದ್ರೆ ಅವಳನ್ನ ರಸ್ತೇಲಿ ನಿಲ್ಸಿದ್ದು ನಾನೇನಾ?" ಎಂದರು.

ಉಳಿದರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು. ಅಕ್ಕ ಅವರ ಕೈಯಿಂದ ಪ್ರಸಾದ ತೆಗೆದುಕೊಂಡು, "ಊಟ ಮಾಡಿ ಟಿ. ನಗರಕ್ಕೆ ಹೋಗ್ಬರೋಣ. ಎಸಿ ಪೂರ್ತಿ ಹಾಕ್ಕೊಂಡು," ಎಂದಳು.

ಹೋದೆವು. ಹೋಗುತ್ತ ಬರುತ್ತ ಐವತ್ತು ಕಿಲೋಮೀಟರಿಗೂ ಹೆಚ್ಚು, ಎಸಿ ಪೂರ್ತಿ, ಹಾಡಹಗಲಲ್ಲಿ ಹೆಡ್‌ಲೈಟು ಹಾಕಿಕೊಂಡು. ಎದುರಿಗೆ ಬಂದವರೆಲ್ಲ ಕೈಸನ್ನೆ ಮಾಡಿ ದೀಪ ಆರಿಸಿ ಎಂದರು. ಈ ಸಲ ಅಕ್ಕನ ಪಕ್ಕ ನಾನು ಕೂತಿದ್ದೆ. ಕತ್ತಿಪಾರದ ಏರಿನಲ್ಲಿ ಡ್ಯಾಶ್‌ಬೋರ್ಡಿನ ದೀಪವನ್ನೇ ನೋಡುತ್ತಿದ್ದೆ. ವ್ಯಾನು ನಾಲ್ಕರಿಂದ ಮೂರಕ್ಕೆ ಇಳಿಯಿತು, ಏರು ಮುಗಿದದ್ದೇ ಮತ್ತೆ ನಾಲ್ಕು. ಟಿ. ನಗರದಲ್ಲಿ ಭಾನುವಾರದ ಜನ ರಸ್ತೆಯಲ್ಲೇ ಸೀರೆ ಆಯ್ದುಕೊಳ್ಳುತ್ತಿದ್ದರು, ಅವರ ನಡುವೆ ಮೊದಲನೇ ಗೇರಿನಲ್ಲಿ ತೆವಳಿದೆವು. ಉಡುಪಿಯ ಕಡೆಯವರ ಒಂದು ಹೋಟೆಲಿನಲ್ಲಿ ನೀರುದೋಸೆ ತಿಂದೆವು. ಸಾರಿನ ಪುಡಿ ಇಲ್ಲದೆ ಎರಡು ವಾರವಾಯಿತು ಎಂದು ಮಾಲೀಕರು ಅಕ್ಕನ ಮೇಲೆ ಮುನಿಸಿಕೊಂಡರು. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಕಾಫಿ ಹೇಳಿದಳು.

ಮನೆ ತಲುಪಿದ ಮೇಲೆ ನಾನು ಭಾವನಿಗೆ ಹೇಳಿದೆ, "ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡ್ಬಿಡಿ." ಅವರು "ಮಾಡೋಣ" ಎಂದರು. ಮಾಡಲಿಲ್ಲ. ಹಳೇ ಗಾಡಿ, ಇವತ್ತು ಇದು ನಾಳೆ ಇನ್ನೊಂದು, ಮಗನನ್ನೂ ಒಂದು ಮಾತು ಕೇಳಬೇಕು ಎಂದು ಗೊಣಗಿದರು. ದೋಷ ಕಂಡುಹಿಡಿದರೂ ವ್ಯಾನು ಉಳಿಯುವುದಿಲ್ಲ ಎಂದಾದರೆ ನಾನು ಬಂದದ್ದಾದರೂ ಯಾಕೆ? ಅಕ್ಕ ತನ್ನ ಪಾಡಿಗೆ ಡಬ್ಬಗಳಿಗೆ ಪುಡಿ ತುಂಬುತ್ತ ಕೂತಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ನನ್ನನ್ನು ಸ್ಟೇಷನ್ನಿಗೆ ಬಿಡಲು ಹೊರಟಳು. ಹಿಂದೆ ಡಬ್ಬಗಳು ತುಂಬಿದ್ದವು. ಭಾವ ಗೇಟು ತೆರೆದು ಹಿಡಿದುಕೊಂಡಿದ್ದರು. ಅಷ್ಟರಲ್ಲೇ ಗುಜರಿಯವನು ಮೋಟರ್ ಬೈಕಿನಲ್ಲಿ ಬಂದ. ಹಿಂದೆಯೇ ಅವನ ಲಾರಿ ಬೀದಿಯ ತಿರುವಿನಲ್ಲಿ ನಿಂತಿತು. ವ್ಯಾನನ್ನು ಸುತ್ತ ಒಂದು ಸಲ ನೋಡಿ, ಕಿಟಕಿಯೊಳಗಿದ್ದ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಭಾವನ ಹತ್ತಿರ ಹೋಗಿ ಕೇಳಿದ, "ಸಾರ್, ವಂಡಿ ಓಡುಮಾ? ಎಡುತ್ತುಕಲಾಮಾ?" ಓಡುತ್ತದಾ, ತೆಗೆದುಕೊಂಡು ಹೋಗಲಾ ಎಂದು.

ಭಾವ ಬಾಯಿ ತೆರೆದರು. ಉತ್ತರ ಅವರ ಬಾಯಲ್ಲಿ ಯಾವಾಗಲೂ ಸಿದ್ಧವಿರುತ್ತದೆ, ಮೂರು ದಿನದಿಂದ ನಾನು ಕೇಳಿದ್ದೆ. ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ಅಕ್ಕನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ತಮಿಳಿನಲ್ಲಿ, "ಎನಕ್ಕು ತೆರಿಯಾದುಪ್ಪಾ. ಅವಂಗಳೆ ಕೇಳು," ಎಂದರು. ನನಗೆ ಗೊತ್ತಿಲ್ಲಪ್ಪ, ಅವರನ್ನು ಕೇಳು.

ಅವನಿಗೆ ಅರ್ಥವಾಗಲಿಲ್ಲ. ಯಾರನ್ನು ಎಂದು ಅತ್ತಿತ್ತ ನೋಡಿದ. ಅಕ್ಕ ಗಾಜು ಇಳಿಸಿದಳು. "ಓಡುತ್ತೆ, ಕೊಡಲ್ಲ" ಎಂದು ಕನ್ನಡದಲ್ಲೇ ಹೇಳಿ, ವ್ಯಾನನ್ನು ಹಿಂದಕ್ಕೆ ತೆಗೆದು, ಅವನ ಬೈಕನ್ನು ಒಂದು ಗೇಣಿನಲ್ಲಿ ತಪ್ಪಿಸಿ ಬೀದಿಗಿಳಿದಳು. ತಿರುವಿನಲ್ಲಿ ನಾನು ತಿರುಗಿ ನೋಡಿದೆ. ಗುಜರಿಯವನು ಇನ್ನೂ ಭಾವನ ಮುಂದೆಯೇ ನಿಂತು ಏನೋ ಕೇಳುತ್ತಿದ್ದ. ಭಾವ ಒಂದು ಕೈಯಲ್ಲಿ ಗೇಟು ಹಿಡಿದು, ಇನ್ನೊಂದು ಕೈಯಿಂದ ಹೋಗುತ್ತಿರುವ ವ್ಯಾನಿನ ಕಡೆ ತೋರಿಸುತ್ತಲೇ ಇದ್ದರು.